ಕೈಕಟ್ಟಿ ಆಡುವ ಆಟಗಳು

ವಿಡಿಯೋ ಗೇಮುಗಳಲ್ಲಿ ಹಾರುವ ವಿದ್ಯೆ ನನಗೆ ಎಂದೂ ಒಲಿಯಲಿಲ್ಲ. ಹಳ್ಳ ಬಂದರೆ ಹಳ್ಳಕ್ಕೆ, ಮುಳ್ಳು ಬಂದರೆ ಮುಳ್ಳಿನ ಮೇಲೆ, ಗುರಿಯಿಟ್ಟು ಬೀಳುತ್ತೇನೆ. ಟೀವಿಗೆ ಸಿಕ್ಕಿಸಿ ಆಡುವ ಕ್ಯಾಸೆಟ್ಟುಗಳ ಕಾಲ ನಿಮಗೆ ನೆನಪಿರಬಹುದು. ಮೇಲೆ ‘9999 ಇನ್ 1’ ಎಂದು ಅಚ್ಚಾಗಿರುತ್ತಿತ್ತು, ಒಳಗೆ ಅವವೇ ನಾಲ್ಕಾರು ಆಟಗಳು ಹೆಸರು ಬದಲಿಸಿಕೊಂಡು ಬರುತ್ತಿದ್ದವು. ಆಗ ಕಾಂಟ್ರಾ ಎಂಬ ಗುಂಡು ಹಾರಿಸುವ ಆಟದಲ್ಲಿ ಮೂವತ್ತು ಜೀವ ಕೊಡುವ ಗುಟ್ಟು ಓಣಿಯ ಮಕ್ಕಳಿಗೆಲ್ಲ ಮಗ್ಗಿಗಿಂತ ಮೊದಲೇ ಬಾಯಿಗೆ ಬರುತ್ತಿತ್ತು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಜಲಪಾತದ ಹಂತ ಮುಟ್ಟುವಷ್ಟರಲ್ಲಿ ಆ ಮೂವತ್ತನ್ನೂ ನಾನು ಧಾರಾಳವಾಗಿ ದಾನ ಮಾಡಿರುತ್ತಿದ್ದೆ.

1989ರ ಪ್ರಿನ್ಸ್ ಆಫ್ ಪರ್ಷಿಯಾ ಇನ್ನೂ ನಿರ್ದಯಿ. ಅದನ್ನು ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ವಿಡಿಯೋ ತೆಗೆದು, ಅದನ್ನು ನೋಡಿಕೊಂಡೇ ರಾಜಕುಮಾರನ ಚಲನೆ ಚಿತ್ರಿಸಿದ. ಹಾಗಾಗಿ ಆ ಹುಡುಗ ಓಡುವುದು ಎಷ್ಟು ಸಹಜವೋ ಮುಳ್ಳಿನ ಮೇಲೆ ಬೀಳುವುದೂ ಅಷ್ಟೇ ಸಹಜ. ಅರವತ್ತು ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ನನ್ನನ್ನು ನಂಬಿ ಕೂತ ರಾಜಕುಮಾರಿಯ ಪಾಡು ಯಾವ ಶತ್ರುವಿಗೂ ಬೇಡ.

ಇಂಥವನಿಗೆ ವಿಶುವಲ್ ನಾವೆಲ್ ಎಂಬ ಜಪಾನಿ ಆಟಗಳ ಪರಿಚಯವಾಗಬೇಕೇ! ತೆರೆಯ ಮೇಲೆ ಒಂದು ಊರೋ ಕೋಣೆಯೋ ಚಿತ್ರವಾಗಿ ಇರುತ್ತದೆ. ಅದರ ಮುಂದೆ ಒಬ್ಬರೋ ಇಬ್ಬರೋ ನಿಂತಿರುತ್ತಾರೆ. ಕೆಳಗೆ ಮಾತು ಮೂಡುತ್ತದೆ, ಗುಂಡಿ ಒತ್ತಿದರೆ ಮುಂದಿನ ಮಾತು. ಓಟವಿಲ್ಲ, ನೆಗೆತವಿಲ್ಲ. ನಮ್ಮ ಸೋದರತ್ತೆ ಒಮ್ಮೆ ಬೆನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿ, “ಇದ್ರಲ್ಲಿ ಆಟ ಯಾವಾಗ ಶುರುವಾಗುತ್ತೋ?” ಅಂದರು. ಆಟ ಆಗಲೇ ಅರ್ಧ ಮುಗಿದಿತ್ತು.

ಅತ್ತೆಯ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ನನ್ನ ಮೆಚ್ಚಿನ ಆಟಗಳನ್ನು ಒಂದೊಂದಾಗಿ ನೆನೆಸಿಕೊಂಡರೆ, ನನಗೆ ಕೆಲಸ ಕಡಿಮೆ ಕೊಟ್ಟಷ್ಟೂ ಅವು ನನ್ನನ್ನು ಹೆಚ್ಚು ದುಡಿಸಿಕೊಂಡಿವೆ.

ಏಸ್ ಅಟಾರ್ನಿಯಲ್ಲಿ ಕೆಲಸ ಸ್ವಲ್ಪ ಜಾಸ್ತಿಯೇ. ಕ್ಯಾಪ್‌ಕಾಮ್ ಇದನ್ನು 2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಲಿ ಹಿಡಿದು ಆಡುವ ಯಂತ್ರಕ್ಕೆ ಜಪಾನಿನಲ್ಲಿ ತಂದಿತು. ಹೊರಗಿನವರ ಕೈಗೆ ಬಂದದ್ದು 2005ರಲ್ಲಿ, ನಿಂಟೆಂಡೊ ಡಿಎಸ್ ಎಂಬ ಅಂಥದೇ ಯಂತ್ರದ ಮೂಲಕ. ನೀವು ಎಳಸು ವಕೀಲ ಫೀನಿಕ್ಸ್ ರೈಟ್. ಸಾಕ್ಷಿ ಹೇಳಿದ್ದನ್ನು ಸಾಲುಸಾಲಾಗಿ ಓದಿ, ಸುಳ್ಳು ಅಡಗಿದ ಸಾಲು ಬಂದಾಗ ಸರಿಯಾದ ಪುರಾವೆ ಮುಂದಿಡಬೇಕು. ಇಟ್ಟಿರೋ, ವಕೀಲ ಬೆರಳು ಚಾಚಿ “ಅಬ್ಜೆಕ್ಷನ್!” ಎಂದು ಅರಚುತ್ತಾನೆ. ಮೂಲ ಜಪಾನಿ ಆಟದಲ್ಲಿ ಆ ಅರಚಾಟ ಆಟ ಬರೆದ ಶು ತಕುಮಿಯ ದನಿಯೇ. ಗಡ್ಡದ ನ್ಯಾಯಾಧೀಶರಿಗೆ ಯಾರು ಕೊನೆಗೆ ಮಾತಾಡಿದರೋ ಅವರದೇ ಸರಿ. ಯಾವ ಖಟ್ಲೆಯೂ ಮೂರು ದಿನ ದಾಟುವಂತಿಲ್ಲ ಎಂಬುದು ಆ ಲೋಕದ ಕಾನೂನು. ತಾತನ ಕಾಲದ ಜಮೀನಿನ ದಾವೆಗೆ ಇಂದಿಗೂ ವಾಯಿದೆ ತೆಗೆದುಕೊಳ್ಳುತ್ತಿರುವ ನನ್ನ ನೆಂಟರೊಬ್ಬರಿಗೆ ಇದನ್ನು ಹೇಳಿದೆ. ಅದೇ ಆಟದಲ್ಲಿ ಗಿಳಿಯೊಂದನ್ನು ಕಟಕಟೆಗೆ ತಂದು ಪಾಟೀಸವಾಲು ಹಾಕುತ್ತಾರೆ ಎಂದೂ ಹೇಳಿದೆ. ಗಿಳಿಯನ್ನು ಅವರು ಒಪ್ಪಿಕೊಂಡರು. ಮೂರು ದಿನವನ್ನು ಒಪ್ಪಲಿಲ್ಲ.

ಕಮಾಯಿತಾಚಿ ನೊ ಯೊರು ಇದಕ್ಕಿಂತ ಹಳೆಯದು, 1994ರಲ್ಲಿ ಚುನ್‌ಸಾಫ್ಟ್ ಸೂಪರ್ ಫ್ಯಾಮಿಕಾಮ್ ಎಂಬ ಟೀವಿಗೆ ಸಿಕ್ಕಿಸಿ ಆಡುವ ಯಂತ್ರಕ್ಕೆ ಮಾಡಿದ್ದು. ಬರೆದವರು ಪತ್ತೇದಾರಿ ಕಾದಂಬರಿಕಾರ ಅಬಿಕೊ ತಕೆಮಾರು. ಹಿಮದಲ್ಲಿ ಸಿಕ್ಕಿಬಿದ್ದ ವಸತಿಗೃಹ, ತುಂಡುತುಂಡಾದ ಹೆಣ, ಫೋನ್ ಸತ್ತಿದೆ, ಕೊಲೆಗಾರ ಒಳಗೇ ಇದ್ದಾನೆ. ಇದರಲ್ಲಿ ಯಾರಿಗೂ ಮುಖವಿಲ್ಲ. ಎಲ್ಲರೂ ನೀಲಿ ನೆರಳುಗಳು. ಬಿಡಿಸಿದ ಮುಖಕ್ಕಿಂತ ಈ ನೆರಳೇ ಮೇಲು ಎನ್ನುವುದು ನನ್ನ ಪಕ್ಷ. ಮುಖ ಕೊಟ್ಟುಬಿಟ್ಟರೆ ಕಣ್ಣು ನೋಡಿ ಕಳ್ಳನನ್ನು ಹಿಡಿಯುವ ನಮ್ಮ ಸಿನಿಮಾ ಬುದ್ಧಿ ಜಾಗೃತವಾಗುತ್ತದೆ. ನಡುನಡುವೆ ಆಯ್ಕೆಗಳುಂಟು, ಆದರೆ ಕೊಲೆಗಾರ ಯಾರೆಂದು ಕೇಳುವಾಗ ಆಟ ಪಟ್ಟಿ ಕೊಡುವುದಿಲ್ಲ. ಹೆಸರನ್ನು ಅಕ್ಷರ ಜೋಡಿಸಿ ನೀವೇ ಬರೆಯಬೇಕು. ಹೊಳೆಯುವುದು ತಡವಾದಷ್ಟೂ ಹೆಣ ಹೆಚ್ಚು. ನನಗೆ ಸಿಕ್ಕಿದ್ದು 2014ರ ಇಂಗ್ಲಿಷ್ ಅವತಾರ. ಅದರಲ್ಲಿ ವಸತಿಗೃಹವನ್ನೇ ಎತ್ತಿ ಕೆನಡಾದಲ್ಲಿ ಇಟ್ಟಿದ್ದರು. ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ ಕಂಡವನಿಗೆ ಜಪಾನಾದರೇನು, ಕೆನಡಾ ಆದರೇನು?

ನಡುವೆ ಒಂದು ಮಾತು ಡೋಕಿ ಡೋಕಿ ಲಿಟರೇಚರ್ ಕ್ಲಬ್ ಬಗ್ಗೆ. ಇದು ಜಪಾನಿನದಲ್ಲ, ಜಪಾನಿನ ವೇಷ ಹಾಕಿದ ಅಮೆರಿಕದ ಆಟ. 2017ರಲ್ಲಿ ಪುಕ್ಕಟೆಯಾಗಿ ಬಂತು. ಇದರಲ್ಲಿ ನೀವು ಕವಿತೆ ಬರೆಯಬೇಕು. ಬರೆಯುವುದೆಂದರೆ ಕೊಟ್ಟ ಪದಗಳಿಂದ ಇಪ್ಪತ್ತನ್ನು ಆರಿಸುವುದು, ಅಷ್ಟೇ, ಕವಿತೆ ತಯಾರು. ನಮ್ಮ ಎಷ್ಟೋ ಕವಿಗಳು ಈ ಸೌಲಭ್ಯ ಬರುವ ಮೊದಲೇ ಹೀಗೆ ಬರೆದು ತೋರಿಸಿದ್ದಾರೆ. ಮುದ್ದು ಹುಡುಗಿಯರ ಚಿತ್ರ ನೋಡಿ ಮಕ್ಕಳ ಕೈಗೆ ಮಾತ್ರ ಕೊಡಬೇಡಿ. ಮುಂದೇನಾಗುತ್ತದೆಂದು ನಾನು ಹೇಳುವುದಿಲ್ಲ. ಆ ಹುಡುಗಿಯರ ಹೆಸರಿನ ಕಡತಗಳು ನಿಮ್ಮ ಕಂಪ್ಯೂಟರಿನ ಫೋಲ್ಡರಿನಲ್ಲೇ ಇರುತ್ತವೆ, ಆಗಾಗ ಎಣಿಸುತ್ತಿರಿ.

2009ರ ಸ್ಟೈನ್ಸ್ ಗೇಟ್‌ಗೆ ಬಂದರೆ ಆಯ್ಕೆಯ ಪಟ್ಟಿ ಎನ್ನುವುದೇ ಮಾಯ. ಟೋಕಿಯೊದ ಅಕಿಹಬಾರದಲ್ಲಿ ಹಳೆಯ ಡಬ್ಬಾ ಟೀವಿಗಳ ಅಂಗಡಿ, ಅದರ ಮಹಡಿಯ ಮೇಲೆ ಒಂದು ‘ಪ್ರಯೋಗಾಲಯ’. ತನ್ನನ್ನು ತಾನೇ ಹುಚ್ಚು ವಿಜ್ಞಾನಿ ಎಂದು ಕರೆದುಕೊಳ್ಳುವ ಒಕಾಬೆ ರಿಂತಾರೊ ಅಲ್ಲಿನ ಯಜಮಾನ. ಆಚೆ ಬದಿ ಯಾರೂ ಇಲ್ಲದ ಫೋನ್ ಕಿವಿಗಿಟ್ಟು ಗಹನವಾಗಿ ಮಾತಾಡುವುದು ಅವನ ಚಟ. ಅವರ ಮೈಕ್ರೋವೇವ್ ಬಾಳೆಹಣ್ಣನ್ನು ಹಸಿರು ಲೋಳೆ ಮಾಡುತ್ತದೆ, ಮತ್ತು, ಆಕಸ್ಮಿಕವಾಗಿ, ಮೊಬೈಲಿನ ಮೇಲ್‌ಗಳನ್ನು ಹಿಂದಿನ ಕಾಲಕ್ಕೆ ಕಳಿಸುತ್ತದೆ. ಆಡುವವರ ಪಾಲಿಗಿರುವುದು ಒಕಾಬೆಯ ಮೊಬೈಲ್ ಒಂದೇ. ಅದು ಗುಂಯ್‌ಗುಟ್ಟಿದಾಗ ಎತ್ತಬಹುದು, ಬಿಡಬಹುದು. ಮೇಲ್‌ಗೆ ಉತ್ತರಿಸಬಹುದು, ಸುಮ್ಮನಿರಬಹುದು. ಕೆಲವು ಮೇಲ್‌ಗಳಿಗೆ ನೀವು ಹೇಗೆ ಉತ್ತರಿಸಿದಿರಿ ಎನ್ನುವುದರ ಮೇಲೆ ಕಥೆಯ ನಿಜವಾದ ಕೊನೆ ನಿಂತಿದೆ. ವಾಟ್ಸಾಪಿನಲ್ಲಿ ನೀಲಿ ಗುರುತು ಮೂಡಿಸಿ ಮೌನ ತಾಳುವ ನನ್ನ ಗೆಳೆಯರು ಇದನ್ನು ಎಂದಿಗೂ ಮುಗಿಸಲಾರರು.

ಮೊದಲ ಅರ್ಧದಲ್ಲಿ ಬರೀ ಹರಟೆ ಎಂದು ಬೇಸತ್ತು ಏಳುವವರು ಬಹಳ. ನನಗೆ ಆ ಹರಟೆಯೇ ಬೇಕು. ಮುಂದೆ ಒಕಾಬೆ ತಾನು ತಿದ್ದಿದ ಕಾಲವನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಒಂದೊಂದು ತಿದ್ದುಪಡಿ ಅಳಿಸಿದಾಗಲೂ ಯಾರೋ ಒಬ್ಬರ ಈಡೇರಿದ ಆಸೆ ಅಳಿಯುತ್ತದೆ. ಅವರ ಜೊತೆ ಅಷ್ಟು ಹೊತ್ತು ಸುಮ್ಮನೆ ಕೂತು ಕಾಡುಹರಟೆ ಹೊಡೆಯದೆ ಇದ್ದಿದ್ದರೆ ಆ ಅಳಿಸುವಿಕೆ ನಮಗೆ ತಾಗುತ್ತಿತ್ತೇ?

ಕೊನೆಗೆ ಹಿಗುರಾಶಿ. ಇದರಲ್ಲಿ ಮಾಡುವುದಕ್ಕೆ ಏನೆಂದರೆ ಏನೂ ಇಲ್ಲ. ಆಯ್ಕೆ ಇಲ್ಲ, ಫೋನ್ ಇಲ್ಲ, ಗುಂಡಿ ಒತ್ತಿ ಓದುತ್ತಾ ಹೋಗುವುದು. ರ್‍ಯುಕಿಶಿ07 ಎಂಬ ಹೆಸರಿನಲ್ಲಿ ಬರೆಯುವವರು 2002ರ ಬೇಸಿಗೆಯಲ್ಲಿ ಹವ್ಯಾಸಿಗಳು ತಾವೇ ಮಾಡಿದ ಪುಸ್ತಕ, ಆಟಗಳನ್ನು ಮಾರುವ ಟೋಕಿಯೊದ ಕಾಮಿಕೆಟ್ ಮೇಳದಲ್ಲಿ ಮೊದಲ ಕಂತು ಮಾರಿದರು. ಚಿತ್ರವೂ ಅವರದೇ, ಅಂಗೈಗಳಂತೂ ಒಲೆಯಿಂದ ಪಾತ್ರೆ ಇಳಿಸುವ ಗವಸು ತೊಟ್ಟಂತೆ ಊದಿಕೊಂಡಿರುತ್ತವೆ. ನೂರಕ್ಕೆ ಒಬ್ಬರಿಗೆ ಮಾತ್ರ ಉತ್ತರ ಹೊಳೆದೀತು ಎನ್ನುವ ಸವಾಲು ಬೇರೆ. ಎಂಟು ಕಂತು ಮುಗಿಯುವಷ್ಟರಲ್ಲಿ 2006 ಬಂದಿತ್ತು. ಒಂದು ಕಂತು ಓದಿದವರು ಮುಂದಿನದು ಬರುವವರೆಗೆ, ಹಳ್ಳಿಯ ಹಬ್ಬದ ರಾತ್ರಿ ವರ್ಷವರ್ಷವೂ ಒಬ್ಬರು ಸಾಯುವುದು, ಒಬ್ಬರು ಕಾಣೆಯಾಗುವುದು ದೇವರ ಶಾಪವೋ ಮನುಷ್ಯರ ಕೈವಾಡವೋ ಎಂದು ಜಗಳವಾಡುತ್ತಿದ್ದರು. ಅತ್ತೆ ಹುಡುಕುತ್ತಿದ್ದ ಆಟ ಇದೇ. ಅದು ತೆರೆಯ ಮೇಲೆ ಇರಲಿಲ್ಲ, ಎರಡು ಕಂತುಗಳ ನಡುವಿನ ತಿಂಗಳುಗಳಲ್ಲಿ ನಡೆಯುತ್ತಿತ್ತು. ನಾನು ಓದುವ ಹೊತ್ತಿಗೆ ಎಂಟೂ ಒಟ್ಟಿಗೆ ಸಿಗುತ್ತಿದ್ದವು. ಆದರೂ ಒಂದು ಮುಗಿದ ಮೇಲೆ ಮುಂದಿನದನ್ನು ಬೇಕೆಂದೇ ತಡಮಾಡಿ ತೆರೆಯುತ್ತಿದ್ದೆ. ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಸಂದೇಹದ ಪಟ್ಟಿಗೆ ಆ ಹಳ್ಳಿಯ ಡಾಕ್ಟರನ್ನು ಸೇರಿಸುವುದು, ಪೊಲೀಸಪ್ಪನನ್ನು ಬಿಡುವುದು ನಡೆದಿತ್ತು.

ಕಥೆಯ ಆ ಹಳ್ಳಿಗೆ ಮಾದರಿಯಾದ ಶಿರಕಾವಾ-ಗೋ ಗಿಫು ಪ್ರಾಂತ್ಯದಲ್ಲಿ ನಿಜವಾಗಿಯೂ ಇದೆ. ಕಡಿದಾದ ಹುಲ್ಲಿನ ಮಾಡುಗಳ ಆ ಊರು 1995ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿತು. ಈಗ ಅಲ್ಲಿನ ದೇವಸ್ಥಾನದಲ್ಲಿ ಹರಕೆಯ ಹಲಗೆಗಳ ಮೇಲೆ ಆಟದ ಅಭಿಮಾನಿಗಳು ಪಾತ್ರಗಳ ಚಿತ್ರ ಬರೆದು ತೂಗುಹಾಕುತ್ತಾರೆ. ಇಡೀ ಕಥೆಗೆ ಹಿಮ್ಮೇಳ ಜೀರುಂಡೆಯ ಕೂಗು. ಹಿಗುರಾಶಿ ಎನ್ನುವುದೇ ಸಂಜೆ ಹೊತ್ತು ಕೂಗುವ ಒಂದು ಜೀರುಂಡೆ. ಮಲೆನಾಡಿನಲ್ಲಿ ಮನೆ ಇರುವವರು ಇದನ್ನು ಮೇ ತಿಂಗಳಲ್ಲಿ ಶುರುಮಾಡದಿರುವುದು ಒಳ್ಳೆಯದು. ಆಟ ನಿಲ್ಲಿಸಿ, ಕಂಪ್ಯೂಟರ್ ಆರಿಸಿ ಮಲಗಿದ ಮೇಲೂ ಹೊರಗೆ ಅದು ನಡೆಯುತ್ತಲೇ ಇರುತ್ತದೆ, ಮತ್ತು ನಡುರಾತ್ರಿ ಬಚ್ಚಲಿಗೆ ಹೋಗಲು ಯಾರನ್ನಾದರೂ ಎಬ್ಬಿಸಬೇಕಾಗುತ್ತದೆ.