ಸತ್ಯಾಂಶ: ಖಾನಾವಳಿಯಲ್ಲೂ ದಾರೂ ಸಿಗತೈತಿ ಅನ್ನೋದು ಸುಳ್ಳು

‘ಇನ್ನ ಮ್ಯಾಲೆ ವಿಜಯಪುರದ ಎಲ್ಲಾ ಹೋಟೆಲ್, ಖಾನಾವಳಿಯೊಳಗೂ ದಾರೂ ಸಿಗತೈತಿ, ಫುಡ್ ಲೈಸೆನ್ಸ್ ಇದ್ರ ಸಾಕು’ ಎಂಬ ವಾಟ್ಸಾಪ್ ಸಂದೇಶ ನಂಬಬೇಡಿ.

ಫುಡ್ ಲೈಸೆನ್ಸ್ ಊಟಕ್ಕೆ ಮಾತ್ರ. ಮದ್ಯಕ್ಕೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಬೇರೆಯದೇ ಸನ್ನದು ಬೇಕು. ಅದರಲ್ಲೂ ಬಗೆಗಳಿವೆ. ಅಂಗಡಿ ಬೋರ್ಡಿನಲ್ಲಿ ಸಿಎಲ್-2 ಅಂತ ಇದ್ದರೆ ಅದು ವೈನ್‌ಶಾಪ್: ಸೀಲ್ ಬಾಟಲಿ ಕೊಂಡು ಹೊರಡಬೇಕು, ಅಲ್ಲೇ ನಿಂತು ಕುಡಿಯುವಂತಿಲ್ಲ (ಕುಡಿಯುವವರು ಕಾಣಸಿಗುತ್ತಾರೆ, ಆ ಮಾತು ಬೇರೆ). ಸಿಎಲ್-9 ಅಂದರೆ ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-7 ವಸತಿ ಇರುವ ಹೋಟೆಲಿಗೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸುವ ಖಾನಾವಳಿ ಈ ಯಾವುದರಲ್ಲೂ ಬರುವುದಿಲ್ಲ.

‘ನಾವು ಮಾರೂದಿಲ್ರಿ, ಗಿರಾಕಿನ ತರತಾರ’ ಎನ್ನುವ ಡಾಬಾದವರಿಗೂ ವಿನಾಯಿತಿ ಇಲ್ಲ. ಸನ್ನದಿಲ್ಲದ ಕಡೆ ಕುಡಿಯಲು ಜಾಗ ಮಾಡಿಕೊಟ್ಟರೂ ಕೇಸು ಬೀಳುತ್ತದೆ.

ಓಣಿಗಳಲ್ಲಿ ಏಳುವ ನಿಜವಾದ ತಕರಾರು ಅಂತರದ್ದು. ಶಾಲೆ, ಗುಡಿ, ಮಸೀದಿ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂಬುದು 1967ರ ಸನ್ನದು ನಿಯಮ. ನಿಮ್ಮ ಆಕ್ಷೇಪಣೆ ಇದ್ದರೆ ಅಳತೆ ಸಮೇತ ಜಿಲ್ಲಾ ಅಬಕಾರಿ ಉಪ ಆಯುಕ್ತರ ಕಚೇರಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.