ಡೇರೆ ಪಾತಿಯೂ ದೊಡ್ಡ ನಾಯಿಯೂ

ಮಳೆ ಹಿಡಿದ ಹೊಸತರಲ್ಲಿ ತಮ್ಮನ ಹೆಂಡತಿ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿದಳು. ಶಿರಸಿ ಕಡೆಯ ನಮ್ಮ ಮನೆ ಅಂಗಳದ ಅಂಚು. ಡೇರೆ ಹೂವಿನ (ಡೇಲಿಯಾ) ಪಾತಿ ಪೂರ್ತಿ ಬಗೆದುಹೋಗಿದೆ. ಮೊಳಕೆ ಒಡೆದಿದ್ದ ಗಡ್ಡೆಗಳು ಅಲ್ಲೊಂದು ಇಲ್ಲೊಂದು ಬಿದ್ದಿವೆ. ನಡುವೆ ನಮ್ಮ ನಾಯಿ ರಾಕಿ, ಮೂಗಿನ ತನಕ ಕೆಂಪು ಮಣ್ಣು ಮೆತ್ತಿಕೊಂಡು, ಒಂಚೂರೂ ನಾಚಿಕೆ ಇಲ್ಲದೆ ಕೂತಿದ್ದಾನೆ. ಸಿದ್ದಾಪುರದ ಮದುವೆಮನೆಯಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಹೊಸ ಬಣ್ಣದ ಗಡ್ಡೆಯೂ ಅದರಲ್ಲಿತ್ತಂತೆ. ಅವಳ ಸಂಕಟ ನಮ್ಮ ಕಡೆಯವರಿಗೆ ಗೊತ್ತಾಗುತ್ತದೆ.

ನಾನು ಬರ್ಲಿನ್ನಿನಲ್ಲಿ ಕೂತು ಉತ್ಸಾಹದಲ್ಲಿ ಬರೆದೆ: "ಅವನಿಗೆ ಅಂತಲೇ ಮೂಲೆಯಲ್ಲಿ ಒಂದು ಹೊಂಡ ಮಾಡಿಕೊಡಿ. ಅಲ್ಲೇ ಅಗೆದುಕೊಳ್ಳಲಿ. ಇಲ್ಲೆಲ್ಲ ಹಾಗೇ ಮಾಡ್ತಾರೆ."

ಉತ್ತರ ಬಂತು: "ಭಾವಾ, ನೀವು ನಾಯಿಗೆ ಹೊಂಡ ತೋಡಿಕೊಡೋ ಊರಲ್ಲಿ ಇದ್ದಿ. ಇಲ್ಲಿ ಬಚ್ಚಲು ನೀರಿನ ಹೊಂಡ ತೋಡಲೂ ಜನ ಸಿಗ್ತಿಲ್ಲೆ."

ಗ್ರೂಪಿನಲ್ಲಿದ್ದವರೆಲ್ಲ ನಗುವ ಮುಖ ಹಾಕಿದರು. ಆಯಿಗೆ ಫೋನು ನೋಡಲು ಬರುವುದಿಲ್ಲ. ಅವಳಿಗೂ ಯಾರೋ ಓದಿ ಹೇಳಿದರಂತೆ, ಅವಳೂ ನಕ್ಕಳಂತೆ.

ಚುಚ್ಚಿತು. ನಕ್ಕದ್ದಕ್ಕಲ್ಲ, ನಕ್ಕು ಅಷ್ಟಕ್ಕೇ ಬಿಟ್ಟಿದ್ದಕ್ಕೆ. ನಮ್ಮೂರಲ್ಲಿ ನಾಯಿಯ ವಿಷಯ ಬಂದರೆ ಹೀಗೇ. ಒಂದೋ ನಗು, ಇಲ್ಲವೇ ಸರಪಳಿ. ನಡುವೆ ಇನ್ನೇನಾದರೂ ಇರಬಹುದು ಅಂತ ಯಾರೂ ಯೋಚಿಸುವುದಿಲ್ಲ.

ನಾನಿರುವುದು ಬರ್ಲಿನ್ ಊರಿನ ಹೊರಅಂಚಿನಲ್ಲಿ. ಇಲ್ಲಿಯ ನೆಲ ಮರಳು ಮರಳು. ನಾಯಿ ಅಗೆಯಲು ಇದಕ್ಕಿಂತ ಒಳ್ಳೆಯ ನೆಲ ಸಿಗಲಿಕ್ಕಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರದ್ದೂ ರಾಕಿಯ ಹಾಗೇ ಜರ್ಮನ್ ಶೆಫರ್ಡ್, ಗಂಡು, ನನ್ನ ಸೊಂಟದ ಹತ್ತಿರ ಬರುತ್ತದೆ. ಅವರಿಗೂ ಡೇರೆ ಹುಚ್ಚು. ಇಲ್ಲಿ ಚಳಿಗೆ ಗಡ್ಡೆ ಸತ್ತುಹೋಗುತ್ತದೆ. ಹಿಮ ಬೀಳುವ ಮೊದಲು ಕಿತ್ತು, ನೆಲಮಾಳಿಗೆಯಲ್ಲಿ ಇಟ್ಟು, ಮೇ ತಿಂಗಳಲ್ಲಿ ಮತ್ತೆ ನೆಡುತ್ತಾರೆ. ಅದೇ ಹೂವು, ಅದೇ ಜಾತಿ ನಾಯಿ. ಆದರೆ ಪಾತಿ ಮಾತ್ರ ನೆಟ್ಟಗಿದೆ. ಹೇಗೆ ಅಂತ ನಾನು ಬೇಲಿಯ ಈಚೆಯಿಂದ ನೋಡುತ್ತಲೇ ಬಂದಿದ್ದೇನೆ.

ಹಿತ್ತಿಲ ಮೂಲೆಯ ಮರದ ನೆರಳಲ್ಲಿ ಒಂದು ಮಂಚ ಹಿಡಿಯುವಷ್ಟು ಜಾಗ. ಸುತ್ತ ಹಲಗೆ ಕಟ್ಟಿ, ಒಳಗೆ ಮೊಣಕಾಲುದ್ದ ಮರಳು ಮಣ್ಣು ತುಂಬಿದ್ದಾರೆ. ನಾಯಿ ಮರಿಯಾಗಿದ್ದಾಗ ಅದರ ಚೆಂಡನ್ನು ಅಲ್ಲಿ ಅರ್ಧ ಮಾತ್ರ ಹೂಳುತ್ತಿದ್ದರು, ಸುಲಭಕ್ಕೆ ಸಿಗಲಿ ಅಂತ. ಮೇಲೆ ಒಂದೆರಡು ಬಿಸ್ಕೀಟು. ಆಮೇಲೆ ಸ್ವಲ್ಪ ಆಳಕ್ಕೆ, ಇನ್ನೂ ಆಳಕ್ಕೆ. ಬೇರೆ ಕಡೆ ಕೆರೆಯಲು ಶುರು ಮಾಡಿದರೆ ಕೂಗಾಟ ಇಲ್ಲ. ಹೆಸರು ಹಿಡಿದು ಕರೆಯುವುದು, ಮೂಲೆಗೆ ಕರೆದುಕೊಂಡು ಹೋಗುವುದು, ಅಲ್ಲಿ ಕೆರೆದರೆ ಬೆನ್ನು ತಟ್ಟುವುದು. ಬೆಳಿಗ್ಗೆ ತೋಡಿದ ಗುಂಡಿಗೆ ಸಂಜೆ ಬೈದರೆ ನಾಯಿಗೆ ಏನೂ ತಿಳಿಯುವುದಿಲ್ಲ, ಇವರಿಗೆ ಸಿಟ್ಟು ಬಂದಿದೆ ಅಂತ ಮಾತ್ರ ತಿಳಿಯುತ್ತದೆ, ಅಂತ ಅವರ ಮಾತು.

ಡೇರೆ ನೆಟ್ಟ ಕೂಡಲೇ ಪಾತಿಯ ಮೇಲೆ ದೊಡ್ಡ ಕಣ್ಣಿನ ತಂತಿ ಬಲೆ ಹಾಸಿ, ಗೂಟ ಹೊಡೆಯುತ್ತಾರೆ. ಮೊಳಕೆ ಕಣ್ಣಿನಿಂದ ಮೇಲೆ ಬರುತ್ತದೆ, ನಾಯಿಯ ಪಂಜ ಕೆಳಗೆ ಹೋಗುವುದಿಲ್ಲ. ಬೇಲಿಯ ಬುಡದಲ್ಲೂ ಅದೇ ಬಲೆಯನ್ನು ಒಳಮುಖವಾಗಿ ಮಡಚಿ ಹೂತಿದ್ದಾರೆ. ಬೇಲಿಯಡಿ ನುಸುಳಲು ಅಗೆದರೆ ಉಗುರಿಗೆ ತಂತಿ ಸಿಗುತ್ತದೆ, ನಾಯಿ ಬೇಸತ್ತು ಬಿಡುತ್ತದೆ. ಇದೆಲ್ಲಕ್ಕಿಂತ ಮೇಲಿನದು, ಬೆಳಿಗ್ಗೆ ಮತ್ತು ಸಂಜೆ ತಿರುಗಾಟ. ಹಿಮ ಇರಲಿ, ಮಳೆ ಇರಲಿ, ಅಜ್ಜಿ ಕೋಟು ಹಾಕಿಕೊಂಡು ಹೊರಟರು ಅಂತಲೇ ಲೆಕ್ಕ. ದಣಿದು ಬಂದ ನಾಯಿ ಅಗೆಯುವುದಿಲ್ಲ, ಮಲಗುತ್ತದೆ.

ಈಗ ನಮ್ಮ ರಾಕಿಯನ್ನು ನೋಡಿ. ಈ ತಳಿಯನ್ನು ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಮಾಜಿ ಸೇನಾಧಿಕಾರಿ 1899ರಲ್ಲಿ ಸಂಘ ಕಟ್ಟಿ ಬೆಳೆಸಿದ್ದು ಕುರಿ ಕಾಯಲಿಕ್ಕೆ. ಹುಲ್ಲುಗಾವಲಿಗೂ ಬೆಳೆಗೂ ನಡುವೆ ದಿನವಿಡೀ ಆಚೆಯಿಂದ ಈಚೆ ಓಡುತ್ತ, ಕುರಿ ಬೆಳೆಗೆ ಬಾಯಿ ಹಾಕದ ಹಾಗೆ ತಡೆಯುವ ಕೆಲಸ. ಅಂಥ ನಾಯಿ, ಗಂಡಾದರೆ 30ರಿಂದ 40 ಕಿಲೋ ತೂಗುತ್ತದೆ. ಅದನ್ನು ತಂದು ನಾವು ಕೊಟ್ಟಿಗೆಯ ಕಂಬಕ್ಕೆ ಕಟ್ಟುತ್ತೇವೆ. ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ ಮಜ್ಜಿಗೆ. ಇಡೀ ದಿನ ಸರಪಳಿಯ ಉದ್ದವೇ ಅದರ ಪ್ರಪಂಚ. ಸಂಜೆ ಬಿಟ್ಟರೆ ಅರ್ಧ ತಾಸು ಹುಚ್ಚು ಹಿಡಿದವರ ಹಾಗೆ ಓಡಿ, ಮೊದಲು ಸಿಕ್ಕ ಮೆತ್ತಗಿನ ಮಣ್ಣಿಗೆ ಬೀಳುತ್ತದೆ. "ಎಷ್ಟು ಕಟ್ಟಿ ಹಾಕಿದರೂ ಬುದ್ಧಿ ಬರಲಿಲ್ಲ" ಅಂತ ತಮ್ಮ ಹೇಳುತ್ತಾನೆ. ಕಟ್ಟಿ ಹಾಕಿದ್ದಕ್ಕೇ ಅಲ್ವಾ ಮಾರಾಯಾ!

ಮೆತ್ತಗಿನ ಮಣ್ಣು ಎಲ್ಲಿದೆ ಹೇಳಿ. ಹೊಸ ಮನೆ ಕಟ್ಟಿಸುವಾಗ ಅಂಗಳ ಪೂರ್ತಿ ಸಿಮೆಂಟು, ಮುಂದಿನ ದಾರಿಗೆ ಇಂಟರ್‌ಲಾಕ್. ಅಡಿಕೆ ಒಣಗಿಸಲು ಅನುಕೂಲ, ಕಾರು ನಿಲ್ಲಿಸಲು ಚಂದ, ಸಗಣಿ ಸಾರಿಸುವ ಕೆಲಸವೂ ಇಲ್ಲ. ನಾಯಿಗೆ ಉಳಿದದ್ದು ಡೇರೆ ಪಾತಿ ಒಂದೇ. ಅದನ್ನೂ ಪಿಕಾಸಿಯಲ್ಲಿ ಕೆದಕಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಮೇಲೆ ಹಿಂಡಿ ಹಾಕಿ ಪರಿಮಳ ಬರಿಸಿ ಇಟ್ಟಿರುತ್ತೇವೆ. ನಾನು ನಾಯಿಯಾಗಿದ್ದರೂ ಅಲ್ಲೇ ಅಗೆಯುತ್ತಿದ್ದೆ.

ಹಿಂಡಿಯ ಮಾತು ಬಂತು, ಇದನ್ನು ತಮಾಷೆ ಅಂದುಕೊಳ್ಳಬೇಡಿ. ಹರಳು ಬೀಜದಲ್ಲಿ ರೈಸಿನ್ ಎಂಬ ವಿಷ ಇದೆ. ಎಣ್ಣೆ ತೆಗೆದ ಮೇಲೂ ಅದು ಹಿಂಡಿಯಲ್ಲೇ ಉಳಿಯುತ್ತದೆ. ನಾಯಿಗೆ ಅದರ ವಾಸನೆ ಇಷ್ಟ. ತಿಂದರೆ ವಾಂತಿ, ಭೇದಿ, ಜೀವಕ್ಕೇ ಕುತ್ತು. ಪಾತಿಗೆ ಹರಳು ಹಿಂಡಿ ಹಾಕಿ ನಾಯಿಯನ್ನು ಬಿಡುವುದು ಬೇಡವೇ ಬೇಡ. ಎಲುಬಿನ ಪುಡಿ ಹಾಕಿದರಂತೂ ನಾಯಿಗೆ ಊಟಕ್ಕೆ ಕರೆದಂತೆಯೇ ಆಯಿತು.

ಕಾರವಾರದಲ್ಲಿ ನನ್ನ ಕಾಲೇಜು ಗೆಳೆಯನೊಬ್ಬ ರಾಟ್‌ವೈಲರ್ ಸಾಕಿದ್ದಾನೆ. ಅವನದ್ದು ಕಡಲಿನ ಕಡೆಯ ಹೊಯಿಗೆ ನೆಲ. ಏಪ್ರಿಲ್, ಮೇ ತಿಂಗಳ ಸೆಕೆ ಗೊತ್ತಲ್ಲ, ಅಂಗಿ ಮೈಗೆ ಅಂಟಿದ್ದು ಬಿಡುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಹೊರಗೆ ಹಾಕಿ ತೇಕುವುದೇ ಅದಕ್ಕೆ ತಂಪು. ಗಾಳಿಯಲ್ಲೇ ನೀರಿನಂಶ ತುಂಬಿರುವಾಗ ಅದೂ ಸಾಲದು. ಆಗ ಒಂದಡಿ ಕೆಳಗಿನ ತಂಪು ಮಣ್ಣು ಹುಡುಕುತ್ತದೆ. ಹೊಟ್ಟೆ ತಾಗಿಸಿ ಮಲಗಲು ಗುಂಡಿ ತೋಡುತ್ತದೆ. ಚಿರೆಕಲ್ಲಿನ ಪಾಗಾರದ ಬುಡದಲ್ಲಿ ನೆರಳಿರುತ್ತದೆ, ಹಾಗಾಗಿ ಅಲ್ಲೇ. ಗೆಳೆಯ ಮಾಡಿದ್ದೇನು? ಮೊದಲು ಮೆಣಸಿನ ಪುಡಿ ಎರಚಿದ. ಆಮೇಲೆ ಫಿನಾಯಿಲ್ ಸುರಿದ. ನಾಯಿ ಪಂಜ ನೆಕ್ಕಿ ಬಾಯಿ ಉರಿ ಮಾಡಿಕೊಂಡು, ಎರಡು ದಿನ ಊಟ ಬಿಟ್ಟಿತು. ಕೊನೆಗೆ ಯಾರೋ ಹೇಳಿದರು ಅಂತ ಬಟ್ಟೆಯ ನೀಲಿ ಕದಡಿದ ನೀರನ್ನು ಬಾಟಲಿಯಲ್ಲಿ ತುಂಬಿ ಪಾಗಾರದ ಉದ್ದಕ್ಕೂ ಸಾಲಾಗಿ ಇಟ್ಟ. ನಾಯಿಯ ಕಣ್ಣಿಗೆ ಕೆಂಪು, ಹಸಿರು ಸರಿಯಾಗಿ ಕಾಣುವುದಿಲ್ಲ, ನೀಲಿ, ಹಳದಿ ಮಾತ್ರ ಚೆನ್ನಾಗಿ ಕಾಣುತ್ತವೆ. ಚೆನ್ನಾಗಿ ನೋಡಿತು, ಬಾಟಲಿಯ ಪಕ್ಕದಲ್ಲೇ ಅಗೆಯಿತು.

ಒಂದು ದೊಡ್ಡ ಅಗಲ ಬುಟ್ಟಿಯಲ್ಲಿ ನೀರು, ಮಾವಿನ ಮರದಡಿ ಗೋಣಿ ಹಾಸಿದ ಒದ್ದೆ ಜಾಗ. ಇಷ್ಟು ಸಾಕಿತ್ತು. ಆದರೆ ಅದು "ನಾಯಿಗೆ ಸೌಕಾರಿಕೆ" ಆಗುತ್ತದೆ. ಮೆಣಸಿನ ಪುಡಿ ಮಾತ್ರ ಉಪಾಯ!

ನನಗೆ ಹೆಚ್ಚು ಬೇಜಾರು ಏಕೆಂದರೆ, ನಮ್ಮ ಹಳೆಯ ಮನೆಯಲ್ಲಿ ಈ ತಲೆಬಿಸಿ ಇರಲೇ ಇಲ್ಲ. ಕರಿಯ ಅಂತ ಒಂದು ಊರ ನಾಯಿ ಇತ್ತು. ಸರಪಳಿ ಎಂದರೇನು ಅಂತ ಅದಕ್ಕೆ ಗೊತ್ತಿರಲಿಲ್ಲ. ಬೆಳಿಗ್ಗೆ ಅಪ್ಪಯ್ಯನ ಹಿಂದೆ ತೋಟಕ್ಕೆ, ಅಲ್ಲಿಂದ ಬೆಟ್ಟಕ್ಕೆ, ಮಂಗ ಬಂದರೆ ಓಡಿಸಲಿಕ್ಕೆ, ಹೆಗ್ಗಣದ ಬಿಲ ಕಂಡರೆ ಅಗೆಯಲಿಕ್ಕೆ. ಹೆಗ್ಗಣದ ಬಿಲ ಅಗೆದರೆ ಅಪ್ಪಯ್ಯ ಬೈಯುವುದಿರಲಿ, "ಹಿಡಿ, ಹಿಡಿ" ಅನ್ನುತ್ತಿದ್ದ. ಚಳಿಗಾಲದಲ್ಲಿ ಬಚ್ಚಲೊಲೆಯ ಬೂದಿ ಗುಂಡಿಯಲ್ಲಿ ಮಲಗುತ್ತಿತ್ತು. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಮುಗಿದ ಮೇಲೆ ಅಡಿಕೆ ಸಿಪ್ಪೆ ರಾಶಿಯೇ ಅದರ ಅರಮನೆ. ಬೇಕಾದಷ್ಟು ಕೆರೆದು, ತಿರುಗಿ, ಒಳಗೆ ಹುದುಗಿಕೊಳ್ಳುತ್ತಿತ್ತು. ಅಂಗಳ ಸಗಣಿ ಸಾರಿಸಿ ಗಟ್ಟಿಯಾಗಿರುತ್ತಿತ್ತು, ಅಲ್ಲಿ ಕೆರೆಯುವ ಮನಸ್ಸೇ ಅದಕ್ಕೆ ಬರುತ್ತಿರಲಿಲ್ಲ. ಅಂದರೆ ಬರ್ಲಿನ್ ಅಜ್ಜಿ ಹಲಗೆ ಕಟ್ಟಿ, ಮರಳು ಕೊಂಡು ತಂದು ಮಾಡಿದ್ದು ನಮ್ಮ ಹಿತ್ತಿಲಲ್ಲಿ ಸುಮ್ನೆ ಬಿದ್ದಿತ್ತು. ನಾವು ಹಿತ್ತಿಲನ್ನು ಚೊಕ್ಕ ಮಾಡಿದೆವು, ಊರ ನಾಯಿಯನ್ನು ಬಿಟ್ಟು ಪೇಟೆಯಿಂದ ದುಬಾರಿ ಮರಿ ತಂದೆವು, ಅದನ್ನು ಕಂಬಕ್ಕೆ ಕಟ್ಟಿದೆವು. ಈಗ ಡೇರೆ ಹೋಯಿತು ಅಂತ ಗೋಳು.

ಜರ್ಮನಿಯಲ್ಲಿ ನಾಯಿ ಸಾಕುವವರಿಗೆ 2001ರಿಂದಲೇ ಪ್ರತ್ಯೇಕ ನಿಯಮವಿದೆ. 2021ರಲ್ಲಿ ಅದನ್ನು ತಿದ್ದಿ, ಕಟ್ಟಿಹಾಕಿ ಸಾಕುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದರು. ಇದನ್ನು ತಮ್ಮನಿಗೆ ಫೋನಿನಲ್ಲಿ ದೊಡ್ಡ ಗಂಟಲಲ್ಲಿ ಹೇಳಿದೆ. ಅವನ ಮಗಳು ಕಾನೂನು ಓದುತ್ತಾಳೆ. ಆಚೆಯಿಂದ ಅವಳೇ ಮಾತು ತೆಗೆದುಕೊಂಡಳು. "ದೊಡ್ಡಪ್ಪಾ, ನಮ್ಮಲ್ಲಿ 1960ರಲ್ಲೇ ಇದ್ದು." ನಿಜವೇ. ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ ಆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದ ಯಜಮಾನನದ್ದು ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಕಾನೂನು ನಮ್ಮದೇ ಹಳೆಯದು, ಒಪ್ಪಿದೆ. ಆದರೆ 50 ರೂಪಾಯಿಗೆ ಶಿರಸಿಯಲ್ಲಿ ಈಗ ನಾಲ್ಕು ಜನಕ್ಕೆ ಚಾ ಕೂಡ ಬರುವುದಿಲ್ಲ.

ತಮ್ಮನ ಪರವಾಗಿಯೂ ಒಂದೆರಡು ಮಾತು ಹೇಳಬೇಕು, ಮನಸ್ಸಿಲ್ಲದಿದ್ದರೂ. ರಾತ್ರಿ ರಾಕಿಯನ್ನು ಹೊರಗೆ ಬಿಡುವ ಹಾಗಿಲ್ಲ, ಚಿರತೆ ಎತ್ತಿಕೊಂಡು ಹೋಗುತ್ತದೆ. ಕರಿಯ ಹೋದದ್ದೂ ಹಾಗೇ. ಬರ್ಲಿನ್ ಅಜ್ಜಿಗೆ ಆ ಭಯ ಇಲ್ಲ. ಅವರು ನಿವೃತ್ತರು, ಪಿಂಚಣಿ ಬರುತ್ತದೆ, ದಿನಕ್ಕೆ ಎರಡು ಸಲ ನಾಯಿಯ ಹಿಂದೆ ತಿರುಗಬಹುದು. ಕೊನೆ ಕೊಯ್ಲಿನಲ್ಲಿ ತಮ್ಮನಿಗೆ ಊಟಕ್ಕೇ ಪುರಸೊತ್ತಿಲ್ಲ. ಮರಳು ತುಂಬಿಸು ಅನ್ನುವುದು ನನಗೆ ಸುಲಭ, ನಮ್ಮ ಜಿಲ್ಲೆಯಲ್ಲಿ ಮನೆ ಕಟ್ಟಲಿಕ್ಕೇ ಮರಳು ಸಿಗದೆ ಜನ ಒದ್ದಾಡುತ್ತಾರೆ. ಇಲ್ಲಿಯ ನಾಯಿಗಳೆಲ್ಲ ಸುಖವಾಗಿವೆ ಅಂತಲೂ ಅಲ್ಲ. ಬರ್ಲಿನ್ನಿನಲ್ಲಿ ಒಂದು ನಾಯಿಗೆ ವರ್ಷಕ್ಕೆ 120 ಯೂರೋ ತೆರಿಗೆ. ಅಷ್ಟು ಕಟ್ಟಿ ಮೂರನೇ ಮಹಡಿಯ ಮನೆಯಲ್ಲಿ ಬಿಟ್ಟು, ಆಫೀಸಿಗೆ ಹೋಗುವವರು ಬೇಕಾದಷ್ಟು ಜನ. ಆ ನಾಯಿಗಳು ಅಂಗಳ ಅಗೆಯುವುದಿಲ್ಲ ನಿಜ, ಅವುಗಳಿಗೆ ಅಂಗಳವೇ ಇಲ್ಲ.

ಡೇರೆಯ ಕತೆಯೂ ಒಂದು ಹಂತಕ್ಕೆ ಬಂತು. ಉಳಿದ ಗಡ್ಡೆಗಳನ್ನು ಮತ್ತೆ ನೆಟ್ಟು, ತಮ್ಮ ಬಿದಿರು ಹಿಂಡಿನಿಂದ ಮುಳ್ಳು ತಂದು ಪಾತಿಯ ಮೇಲೆ ಹರಡಿದ. ಸುತ್ತ ಒಡೆದ ಚಿರೆಕಲ್ಲು ಜೋಡಿಸಿದ. ರಾಕಿ ಒಂದು ಸಲ ಮೂಸಿ, ಮುಳ್ಳು ತಾಗಿ, ಬಿಟ್ಟ. ಅಜ್ಜಿಯ ತಂತಿ ಬಲೆ ಮಾಡುವ ಕೆಲಸವನ್ನೇ ಅದು ಮಾಡಿತು, ಖರ್ಚಿಲ್ಲದೆ. ಆದರೆ ರಾಕಿ ಈಗ ತುಳಸಿಕಟ್ಟೆಯ ಹಿಂದೆ ಅಗೆಯುತ್ತಿದ್ದಾನಂತೆ. ಮುಳ್ಳು ಜಾಗ ಬದಲಿಸುತ್ತದೆ ಅಷ್ಟೇ, ಅವನ ಚಟ ಎಲ್ಲಿ ಹೋಗಬೇಕು? ಕೊಟ್ಟಿಗೆಯ ಹಿಂದೆ ಅಡಿಕೆ ಸಿಪ್ಪೆಯನ್ನು ಸುಡದೆ ಒಂದು ರಾಶಿ ಬಿಡು, ಸಂಜೆ ತೋಟದ ತುದಿಯ ತನಕ ಅವನನ್ನು ಕರೆದುಕೊಂಡು ಹೋಗು, ಇವೆರಡನ್ನು ಮಾತ್ರ ಹೇಳಿದ್ದೇನೆ. "ನೋಡ್ವ ಅಣ್ಣಾ" ಅಂದಿದ್ದಾನೆ. ನಮ್ಮಲ್ಲಿ ಆ ಮಾತಿನ ಅರ್ಥ ಏನು ಅಂತ ನಿಮಗೂ ಗೊತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಬರ್ಲಿನ್ನಿನಲ್ಲಿ ಕಾಡುಹಂದಿ ಕಾಟ ಸಿಕ್ಕಾಪಟ್ಟೆ. ಕಾಡಂಚಿನ ಬಡಾವಣೆಗಳಿಗೆ ಮರಿ ಕಟ್ಟಿಕೊಂಡು ಬರುತ್ತವೆ. ಕಳೆದ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಅಜ್ಜಿಯ ಹಿತ್ತಿಲಿಗೆ ನುಗ್ಗಿ, ತಂತಿ ಬಲೆಯ ಸಮೇತ ಡೇರೆ ಪಾತಿ ಎಬ್ಬಿಸಿ ಹಾಕಿದವು. ನಾಯಿ ಮನೆಯೊಳಗೆ ಸೋಫಾದ ಮೇಲಿತ್ತು. ಇದನ್ನು ಹೇಳಿದಾಗ ತಮ್ಮ ನಗಲಿಲ್ಲ. ಬೇಲಿ ಎಷ್ಟು ಎತ್ತರ, ಬುಡಕ್ಕೆ ಕಲ್ಲು ಇಟ್ಟಿದ್ದಾರಾ, ಯಾವ ದಿಕ್ಕಿನಿಂದ ಬಂದವು ಅಂತ ಒಂದೊಂದಾಗಿ ಕೇಳಿದ. ಅಜ್ಜಿಯ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಹಂದಿಯ ವಿಷಯದಲ್ಲಿ ಬರ್ಲಿನ್ನಿನವರು ಶಿರಸಿಯವರ ಹತ್ತಿರವೇ ಕೇಳಬೇಕು.