ಮೈಗ್ರೇನ್ ಮಾತ್ರೆ ಮೆಸೇಜ್ ಬಗ್ಗೆ ಸ್ಪಷ್ಟನೆ

ಹಾಸನದ ಗ್ರೂಪ್‌ಗಳಲ್ಲಿ "ದಿನಾ ಬೆಳಿಗ್ಗೆ ಒಂದು ನೋವಿನ ಮಾತ್ರೆ ತಗೊಂಡ್ರೆ ಮೈಗ್ರೇನ್ ಬರೋದೇ ಇಲ್ಲ" ಅಂತ ಓಡಾಡ್ತಿದ್ಯಲ್ಲ, ಅದು ತಪ್ಪು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎಲ್ಲ ನೋವು ಶುರುವಾದಾಗ ತಗೊಳ್ಳೋಕೆ, ತಡೆಯೋಕಲ್ಲ. ಇವನ್ನ ತಿಂಗಳಿಗೆ 15 ದಿನ ಇಲ್ಲಾ ಜಾಸ್ತಿ, ಮೈಗ್ರೇನ್ ಶುರುವಾದಾಗ ಕೊಡೋ ಸುಮಾಟ್ರಿಪ್ಟಾನ್ ಥರದ ಮಾತ್ರೆ ಆದ್ರೆ 10 ದಿನ ಇಲ್ಲಾ ಜಾಸ್ತಿ, ಹೀಗೆ ಮೂರು ತಿಂಗಳು ದಾಟಿ ನುಂಗ್ತಾ ಹೋದ್ರೆ ಮಾತ್ರೆಯಿಂದಾನೇ ತಲೆನೋವು ಹತ್ಕೊಳ್ಳುತ್ತೆ, ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದಲ್ಲೇ ಇದಿದೆ. ತಡೆಯೋಕೆ ದಿನಾ ತಗೊಳ್ಳೋ ಮಾತ್ರೆಗಳೇ ಬೇರೆ, ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಮೇಟ್ ಇಂಥವು, ಗುಣ ಕಾಣೋಕೆ ವಾರಗಟ್ಟಲೆ ಹಿಡಿಯುತ್ತೆ, ಅವೂ ಎಲ್ರಿಗೂ ಆಗ್ಬರಲ್ಲ. ಆಸ್ತಮಾ ಇರೋರಿಗೆ ಪ್ರೊಪ್ರನೊಲಾಲ್ ಬೇಡ, ಬಸುರಿಯರಿಗೆ ಟೋಪಿರಮೇಟ್ ಬೇಡ. ಯಾವ್ದು ಅಂತ ಡಾಕ್ಟರೇ ಹೇಳ್ಬೇಕು, ಮೆಡಿಕಲ್ ಶಾಪಲ್ಲಿ ಕೇಳಿ ತರೋದಲ್ಲ. ಆ ಮೆಸೇಜ್ ಇನ್ನು ಫಾರ್ವರ್ಡ್ ಮಾಡ್ಬೇಡಿ, ಕಳಿಸಿರೋ ಕಡೆ ಇದನ್ನೂ ಹಾಕ್ಬಿಡಿ.